ಹಮೀದನಿಗೆ ಸಿಕ್ಕಿದ ಕ್ಷಮೆ

ಬಿಕರ್ನಕಟ್ಟೆಯ ಲಿಲ್ಲಿಬಾಯಿಯ ವಿರುದ್ಧ ಆ ವರದಿ ಬರೆದವನು ನಾನು. ಹಮೀದ್ ಅಲ್ಲ. ಹದಿನೆಂಟು ವರ್ಷಗಳಿಂದ ಊರು ಹಮೀದ್ ಎಂದೇ ನಂಬಿದೆ. ನಂಬಲಿ ಎಂದು ಬಿಟ್ಟವನೂ ನಾನೇ.

ಮೊದಲು ನಡೆದದ್ದು, ಆಮೇಲೆ ಅದರ ಅರ್ಥ ಎಂದು ಕಿರಿಯ ವರದಿಗಾರರಿಗೆ ಹೇಳಿಕೊಟ್ಟವನು ನಾನು. ಆದ್ದರಿಂದ ನಡೆದದ್ದನ್ನೇ ಮೊದಲು ಹೇಳುತ್ತೇನೆ.

ಲಿಲ್ಲಿಬಾಯಿ ನಿವೃತ್ತ ನರ್ಸ್. ಸಂಜೆಯ ಹೊತ್ತು ಅವರ ಜಗಲಿಗೆ ಜನ ಬರುತ್ತಿದ್ದರು. ಮಗು ಕಳೆದುಕೊಂಡವರು, ಗಂಡ ಬಿಟ್ಟುಹೋದವರು, ಕಾರಣ ಹೇಳಲಾಗದೆ ಊಟ ಬಿಟ್ಟವರು. ಯಾವ ಧರ್ಮದವರೆಂದು ಅವರು ಕೇಳುತ್ತಿರಲಿಲ್ಲ. ಗಂಜಿ ಕೊಡುತ್ತಿದ್ದರು, ಹೇಳಿದ್ದನ್ನು ಕೇಳುತ್ತಿದ್ದರು, ಏಳುವ ಮುನ್ನ ತಲೆಯ ಮೇಲೆ ಕೈಯಿಟ್ಟು ಒಂದು ಚಿಕ್ಕ ಪ್ರಾರ್ಥನೆ. ಅಷ್ಟೇ. ಒಂದು ದಿನ ನಮ್ಮ ಪತ್ರಿಕೆಯ ಕಚೇರಿಗೆ ಫೋನ್ ಬಂತು: ಆ ಹೆಂಗಸು ರೋಗಿಗಳಿಗೆ ಮಾತ್ರೆ ಬಿಡಿಸಿ ಪ್ರಾರ್ಥನೆ ಮಾಡಿಸುತ್ತಾಳೆ. ಹೇಳಿದವರು ಹೆಸರು ಕೊಡಲಿಲ್ಲ.

ಪತ್ರಿಕೆಯವನೆಂದು ತಿಳಿಸದೆ ಹೋದೆ. ನಿದ್ರೆ ಬರುವುದಿಲ್ಲ ಎಂದು ಹೇಳುವುದೆಂದು ನಿಶ್ಚಯಿಸಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಮೂರು ತಿಂಗಳ ಹಿಂದೆ ನನ್ನ ತಮ್ಮ ಕುವೈತಿನಲ್ಲಿ ತೀರಿಕೊಂಡಿದ್ದ. ವಿಮಾನ ನಿಲ್ದಾಣದಲ್ಲಿ ಸಹಿ ಹಾಕಿ ಪೆಟ್ಟಿಗೆ ಪಡೆದು, ಮಣ್ಣಗುಡ್ಡದ ಮನೆಗೆ ತಂದು, ಕ್ರಿಯೆಗಳೆಲ್ಲ ಮುಗಿದ ಮರುದಿನವೇ ಕೆಲಸಕ್ಕೆ ಬಂದಿದ್ದೆ. ಅತ್ತಿರಲಿಲ್ಲ. ಗಟ್ಟಿ ಮನುಷ್ಯ ಎಂದು ಕಚೇರಿಯಲ್ಲಿ ಮೆಚ್ಚಿಕೊಂಡಿದ್ದರು.

ಬಾಯಿ ನನ್ನ ಕಾಯಿಲೆಯ ಬಗ್ಗೆ ಏನೂ ಕೇಳಲಿಲ್ಲ. "ಊಟ ಆಯ್ತಾ, ಪುತಾ?" ಎಂದರು. ಮಗನೇ ಎಂದು. ತಮ್ಮನ ವಿಷಯ ನನಗರಿವಿಲ್ಲದೆ ನಾಲಿಗೆಗೆ ಬಂದಾಗ ಕೇಳಿದರು: "ಅವನಿಗೆ ಎಂತ ಇಷ್ಟ ಇತ್ತು, ತಿನ್ಲಿಕ್ಕೆ?"

"ಬಂಗುಡೆ ಪುಳಿಮುಂಚಿ" ಎಂದೆ. ಅಷ್ಟರಲ್ಲಿ ಅಳು ಒಡೆಯಿತು. ಎಷ್ಟು ಹೊತ್ತು ಅತ್ತೆನೋ—ನನಗೆ ಲೆಕ್ಕವಿಲ್ಲ. ಆಕೆ ಪಕ್ಕದಲ್ಲೇ ಕೂತಿದ್ದರು.

ಹೊರಡುವಾಗ ಹೇಳಿದರು: "ಡಾಕ್ಟ್ರು ಮಾತ್ರೆ ಕೊಟ್ಟಿದ್ರೆ ಬಿಡ್ಬೇಡ ಆಯ್ತಾ. ನನ್ನ ಹತ್ರ ಮದ್ದು ಎಂತದೂ ಇಲ್ಲ. ಯೇಸು ಯಾರನ್ನೂ ಒಬ್ಬರೇ ಬಿಡುದಿಲ್ಲ, ಹಾಗೆ ನಾನೂ ಸ್ವಲ್ಪ ಕೂತ್ಕೊಳ್ಳುದು."

ಆ ದಿನ ಮೂರು ತಿಂಗಳಲ್ಲಿ ಮೊದಲ ಬಾರಿಗೆ ನಿದ್ದೆ ಮಾಡಿದೆ. ಎದ್ದು, ಕಚೇರಿಗೆ ಹೋಗಿ, ಬರೆದೆ: "ಔಷಧದ ಬದಲು ಪ್ರಾರ್ಥನೆ: ರೋಗಿಗಳ ದಾರಿ ತಪ್ಪಿಸುತ್ತಿರುವ ನಿವೃತ್ತ ದಾದಿ." ಮಾತ್ರೆ ಬಿಡಬೇಡ ಎಂದ ಅವರ ಮಾತನ್ನು ಹಾಕಲಿಲ್ಲ. ಮರೆತದ್ದಲ್ಲ. ಅದು ನನ್ನ ಟಿಪ್ಪಣಿ ಪುಸ್ತಕದಲ್ಲಿತ್ತು, ನಾನು ಅದನ್ನು ನೋಡಿಕೊಂಡೇ ಬಿಟ್ಟೆ. ಯಾಕೆ? ನಾನು ಅತ್ತದ್ದನ್ನು ಒಬ್ಬ ಅಪರಿಚಿತ ಹೆಂಗಸು ನೋಡಿದ್ದರು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಆಕೆ ಮೋಸಗಾರ್ತಿಯಾಗಿದ್ದರೆ ನನ್ನ ಅಳುವೂ ಮೋಸದಿಂದ ಬಂದದ್ದಾಗುತ್ತಿತ್ತಲ್ಲ—

ವರದಿಯಲ್ಲಿ ಅವರ ಹೆಸರಿರಲಿಲ್ಲ. ಬಿಕರ್ನಕಟ್ಟೆ ಎಂದಿತ್ತು, ಸಾಕಾಯಿತು. ನನ್ನ ಹೆಸರೂ ಇರಲಿಲ್ಲ. ನಮ್ಮಲ್ಲಿ ಆಗ "ನಮ್ಮ ಪ್ರತಿನಿಧಿಯಿಂದ" ಎಂದು ಮಾತ್ರ ಹಾಕುವ ರೂಢಿ. ಬಿಕರ್ನಕಟ್ಟೆಯವರಿಗೆ ಪತ್ರಿಕೆಯ ಪ್ರತಿನಿಧಿ ಎಂದರೆ ಹಮೀದ್. ಜಂಕ್ಷನ್ನಿನಲ್ಲಿ ಕೊಡೆ, ಬ್ಯಾಗು ಮಾರುವ ಅಂಗಡಿ ಇಟ್ಟುಕೊಂಡು, ಆಚೀಚೆಯ ಸುದ್ದಿ ನಮಗೆ ಕಳಿಸುತ್ತಿದ್ದವನು. ನಮ್ಮ ಪತ್ರಿಕೆಯ ಬೋರ್ಡೂ ಅವನ ಅಂಗಡಿಯ ಮೇಲಿತ್ತು. ಬೇರೆ ಯಾರ ಮೇಲೂ ಅನುಮಾನ ಹುಟ್ಟಲು ಕಾರಣವೇ ಇರಲಿಲ್ಲ.

ಪೊಲೀಸರು ಬಂದು ವಿಚಾರಿಸಿಹೋದರು. ಜಗಲಿಗೆ ಜನ ಬರುವುದು ನಿಂತಿತು. ಬಾಯಿಯ ಗೇಟಿಗೆ ಒಳಗಿನಿಂದ ಬೀಗ ಬಿತ್ತು.

ಹಮೀದ್ ಕಚೇರಿಗೆ ಬಂದ. ಬರೆದವನು ನಾನೆಂದು ಅವನಿಗೆ ತಿಳಿದಿತ್ತು. ಅವನ ಹೆಂಡತಿ ಜೊಹರಾಳ ಮೊದಲ ಮಗು ಹುಟ್ಟುವಾಗಲೇ ತೀರಿಕೊಂಡಿದ್ದಾಗ, ನಲವತ್ತು ದಿನ ಅವರ ಮನೆಗೆ ನಡೆದುಬಂದು ತುತ್ತು ಉಣಿಸಿದವರು ಲಿಲ್ಲಿಬಾಯಿ. ಅದನ್ನು ಅವನು ಹೇಳಿದ್ದು ಆ ದಿನವೇ.

"ಸರ್, ಒಂದು ಸಾಲು ಹಾಕಿ. ಹಮೀದ್ ಬರೆದದ್ದಲ್ಲ ಅಂತ. ನಿಮ್ಮ ಹೆಸರು ಬೇಡ."

"ನೋಡುವ ಮಾರಾಯ" ಎಂದೆ.

ನೋಡಲಿಲ್ಲ. ಅವನಲ್ಲ ಎಂದರೆ, ಮತ್ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಬರೆದವರ ಹೆಸರು ಹೊರಗೆ ಹೇಳಬಾರದು ಎಂದು ಅವನಿಗೆ ಕಲಿಸಿದ್ದವನು ನಾನು. ಅವನು ಅದನ್ನು ಪಾಲಿಸಿದ.

ಸೆಪ್ಟೆಂಬರಿನಲ್ಲಿ ತೆನೆಹಬ್ಬ ಬಂತು. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ಕಾಳನ್ನು ಹಾಲಿಗೆ ಹಾಕಿ, ಮನೆಯವರು ಮಾತ್ರ ಹಂಚಿಕೊಳ್ಳುವುದು ಇಲ್ಲಿನ ಕ್ರೈಸ್ತರ ಪದ್ಧತಿ. ನಾನು ಬೇರೇನೋ ಕೆಲಸಕ್ಕೆ ಹಮೀದನ ಅಂಗಡಿಯಲ್ಲಿದ್ದೆ. ಲಿಲ್ಲಿಬಾಯಿ ಒಂದು ಸ್ಟೀಲ್ ಲೋಟ ಹಿಡಿದುಕೊಂಡು ಬಂದರು.

"ಹಮೀದ್, ಕುಡಿ."

"ಬಾಯಿ, ನಾನು—" ಅವನು ನನ್ನ ಕಡೆ ನೋಡಿದ.

"ಗೊತ್ತುಂಟು. ಅದು ಮುಗೀತು. ನೀನು ನಮ್ಮ ಮನೆಯವನೇ."

ಪಕ್ಕದ ಬೇಕರಿಯವ ಕೂಗಿ ಹೇಳಿದ: "ಬಾಯಿ, ಪೇಪರಿಗೆ ಹಾಕಿದವನಿಗೆ ಹಾಲು, ದಿನಾ ಬ್ರೆಡ್ ಕೊಡುವ ನಮಗೆ ಎಂತ ಇಲ್ವಾ?" ನಾಲ್ಕು ಜನ ನಕ್ಕರು. ಹಮೀದ್ ನಗಲಿಲ್ಲ. ಲೋಟ ತೆಗೆದುಕೊಂಡು ಕುಡಿದ. ನಾನು ಸುಮ್ಮನಿದ್ದೆ. ಆಗ ಬಾಯಿಗೆ ನನ್ನ ಗುರುತು ಸಿಕ್ಕಿತು. ಮುಖ ಅರಳಿತು.

"ಪುತಾ! ಈಗ ನಿದ್ರೆ ಬರ್ತದಾ?"

"ಬರ್ತದೆ, ಬಾಯಿ."

ನನ್ನ ಜೀವನದಲ್ಲಿ ಹೇಳಿದ ಅತ್ಯಂತ ನಾಚಿಕೆಗೇಡಿನ ಮಾತು ಅದು. ಅದು ನಿಜವಾಗಿತ್ತು.

ಕಳೆದ ತಿಂಗಳು ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಎಂಬತ್ತು ದಾಟಿದ್ದಾರೆ, ಕಿವಿ ಚುರುಕಾಗಿದೆ. ಸಿಟ್ಟಾಗಲಿಲ್ಲ. ತಮ್ಮ ಕೈಗಳನ್ನು ನೋಡಿಕೊಂಡು ಹೇಳಿದರು:

"ಹಾಗಾದ್ರೆ ಆ ದಿನ ಎಲ್ಲರ ಎದುರು ಕ್ಷಮಿಸಿ, ಅವನೇ ಮಾಡಿದ್ದು ಅಂತ ಊರಿಗೆ ಗಟ್ಟಿ ಮಾಡಿ ಕೊಟ್ಟದ್ದು ನಾನು."

ಅವರ ಒಳ್ಳೆಯತನವನ್ನೇ ಒಬ್ಬ ನಿರಪರಾಧಿಯ ಮೇಲಿನ ತೀರ್ಪನ್ನಾಗಿ ಮಾಡಿದ್ದೆ. ಇಷ್ಟು ವರ್ಷ ನನಗೆ ಅದು ಹೊಳೆದಿರಲಿಲ್ಲ. ಆಕೆಗೆ ಒಂದು ಗಳಿಗೆಯಲ್ಲಿ ಹೊಳೆಯಿತು.

"ನನ್ನ ಹತ್ರ ಆಮೇಲೆ ಬನ್ನಿ" ಎಂದರು. "ಮೊದಲು ಹಮೀದ್ ಹತ್ರ ಹೋಗಿ." ಪುತಾ ಎನ್ನಲಿಲ್ಲ.

ಹಮೀದ್ ಈಗ ಫಳ್ನೀರಿನಲ್ಲಿ ಮಗನ ಫ್ಲ್ಯಾಟಿನಲ್ಲಿದ್ದಾನೆ. ನಿಜವನ್ನು ನನ್ನ ಹೆಸರಿನಲ್ಲೇ ಬರೆದು ಪ್ರಕಟಿಸುತ್ತೇನೆ ಎಂದೆ. ಅವನು ಕಿಟಕಿಯ ಕಡೆ ತಿರುಗಿ ಹೇಳಿದ:

"ಜೊಹರಾ ಹೋಗಿ ಎರಡು ವರ್ಷ ಆಯ್ತು ಸರ್. ನಾನಲ್ಲ ಅಂತ ಅವಳಿಗೆ ಎಷ್ಟು ಸಲ ಹೇಳಿದ್ದೇನೆ. 'ಪೇಪರಿನಲ್ಲಿ ಬರ್ಲಿ, ಆಗ ನಂಬ್ತೇನೆ' ಅಂತಿದ್ಳು. ದಿನಾ ಬೆಳಿಗ್ಗೆ ಪೇಪರ್ ಮೊದಲು ತೆಗೀತಿದ್ದದ್ದು ಅವಳೇ. ಸುರುವಿಗೆ ಸ್ವಲ್ಪ ವರ್ಷ."

ಆಮೇಲೆ ತೆಗೆಯುವುದನ್ನು ನಿಲ್ಲಿಸಿದಳೇ ಎಂದು ನಾನು ಕೇಳಲಿಲ್ಲ. ಅದು ಕೇಳುವ ಪ್ರಶ್ನೆಯಲ್ಲ.

ಈ ಬರಹವನ್ನು ಮೊದಲು ಅವನಿಗೇ ತೋರಿಸಿದೆ. ಕನ್ನಡಕ ಹಾಕಿ ನಿಧಾನವಾಗಿ ಓದಿ, "ಎಲ್ಲ ಸರಿಯುಂಟು" ಎಂದು ಹಿಂದಿರುಗಿಸಿದ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಲಿಲ್ಲಿಬಾಯಿಯ ಮನೆಗೆ ಇನ್ನೂ ಮರಳಿ ಹೋಗಿಲ್ಲ. ಹೋದರೆ ಅವರು ಕ್ಷಮಿಸುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಹೋಗಿಲ್ಲ. ಹಮೀದ್ ಒಂದು ದಿನ ತಾನಾಗಿ "ಹೋಗುವ" ಎಂದರೆ ಅವನ ಜೊತೆ ಹೋಗುತ್ತೇನೆ. ಅನ್ನದಿದ್ದರೆ, ಇಲ್ಲ.