ಬಿಳಿ ಬಿಟ್ಟ ರಸ್ತೆ

ಕೆಟ್ಟದ್ದು ಶುರುವಾದದ್ದು ಮಧ್ಯಾಹ್ನ ನಾಲ್ಕು ಹತ್ತಕ್ಕೆ. ನಾನಾಗ ಎರಡನೆಯ ಕ್ಲಾಸಿನ ಹುಡುಗ. ಹ್ಯೂಸ್ಟನ್‌ನಲ್ಲಿ ಬೆಳಗಿನಿಂದ ಸುರಿದ ಮಳೆ ಆಗಷ್ಟೇ ನಿಂತಿತ್ತು. ಪೇರ್‌ಲ್ಯಾಂಡ್‌ನ ಗುಡಿಗೆ ಹೊರಟು ಎಲ್ಲರೂ ಕಾರಿನಲ್ಲಿ ಕುಳಿತಿದ್ದೆವು. ಪಕ್ಕದ ಮನೆಯ ಚೀನೀ ಅಜ್ಜ, ಮೊಣಕಾಲಿನವರೆಗೆ ಒದ್ದೆಯಾಗಿ, ಕಾರಿಗೆ ಅಡ್ಡ ನಿಂತು ಮಸಿ ಆರದ ಕಾಗದವೊಂದನ್ನು ತೋರಿಸಿದರು.

ಅವರು ಮಗಳ ಮನೆಯಲ್ಲಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಮೋಡ, ಮರ, ನಮ್ಮ ಓಣಿಯನ್ನು ಗಂಟೆಗಟ್ಟಲೆ ನೋಡಿ, ಒಳಗೆ ಹೋಗಿ ನೆನಪಿನಿಂದ ಚಿತ್ರ ಬರೆಯುತ್ತಿದ್ದರು. ಅಮ್ಮನಿಗೆ ಆ ನೋಟವೇ ಅನುಮಾನ. ಅಕ್ಕ ಅವರ ಮನೆಯಿಂದ ಬಂದಾಗ ಬೆರಳಲ್ಲಿ ಕಾಡಿಗೆಯಂಥ ಕಪ್ಪು, ಕರ್ಪೂರದ ವಾಸನೆ. ಚಿತ್ರಕ್ಕೆಂದು ಕಲ್ಲಿನ ಮೇಲೆ ಮಸಿಕಡ್ಡಿ ತೇಯ್ದು ಕೊಟ್ಟೆ ಎಂದು ಅಕ್ಕ ಹೇಳಿದರೂ ಅಮ್ಮ ನಂಬಲಿಲ್ಲ. ಮಾಟವೇ ಇರಬೇಕೆಂದು ಅಲ್ಲಿಗೆ ಕಳಿಸುವುದನ್ನು ನಿಲ್ಲಿಸಿದಳು. ಅಪ್ಪನದು ಬೇರೆ ತಕರಾರು: ಹ್ಯೂಸ್ಟನ್‌ನಲ್ಲಿ ಒಂದು ದಿಬ್ಬವಿಲ್ಲ, ಆತನ ಚಿತ್ರದ ತುಂಬ ಗುಡ್ಡ.

ಆ ದಿನದ ಕಾಗದದಲ್ಲಿ ನಮ್ಮ ರಸ್ತೆ, ತಿರುವಿನ ಎರಡು ಓಕ್ ಮರಗಳಿದ್ದವು. ಮರಗಳಾಚೆ ಬರೀ ಬಿಳಿ.

“ಇಲ್ಲದ್ದನ್ನ ಬರೀತಾನ, ಇದ್ದದ್ದನ್ನ ಬಿಡತಾನ,” ಎಂದು ಅಪ್ಪ ನಕ್ಕು, ಅವರನ್ನು ಬಳಸಿಕೊಂಡು ಕಾರು ಹೊರಡಿಸಿದರು.

“ಬಾಗಲಾ ಕೀಲಿ ಹಾಕೀರಿಲ್ರಿ?” ಅಮ್ಮ ಹಿಂತಿರುಗಿ ಅಜ್ಜನನ್ನೇ ನೋಡುತ್ತಿದ್ದಳು.

ಓಕ್ ಮರಗಳ ಬಳಿ ರಸ್ತೆ ಬೆಳ್ಳಗೆ ಹೊಳೆಯುತ್ತಿತ್ತು. ಅಕ್ಕ ಮೆಲ್ಲಗೆ ಅಂದಳು: “ಅಪ್ಪಾ, ಅವರು ನೀರು ಬರಿಯೂದಿಲ್ಲ. ಬಿಳೀ ಬಿಡ್ತಾರ, ಅದ ನೀರು.”

ಅಪ್ಪ ಬ್ರೇಕ್ ಒತ್ತುವಷ್ಟರಲ್ಲಿ ಮುಂದಿನ ಚಕ್ರಗಳು ನೀರಿಗೆ ಇಳಿದಿದ್ದವು. ಎಂಜಿನ್ ನಿಂತಿತು. ತಣ್ಣನೆಯ ಕಂದು ನೀರು ಸೀಟಿಗೆ ಬಂತು, ಬಾಗಿಲು ತೆರೆಯಲಿಲ್ಲ. ಅಪ್ಪ ನಮ್ಮನ್ನೆಲ್ಲ ಕಿಟಕಿಯಿಂದ ಎಳೆದುಕೊಂಡರು. ನಾವು ಮರದ ಬುಡ ಸೇರಿದಾಗ ಕಾರು ನಿಧಾನವಾಗಿ ತಿರುಗಿ, ಒಂದೇ ದೀಪ ಉರಿಸುತ್ತ ಕಾಲುವೆಯ ಕಡೆ ತೇಲಿಹೋಯಿತು. ಹಿಂದೆಯೇ ನಡೆದು ಬಂದಿದ್ದ ಅಜ್ಜ ಅಲ್ಲಿದ್ದರು. ಅವರ ಕೈಹಿಡಿದೇ ಮನೆಗೆ ಬಂದೆ.

ಮುಂದೆ ರಾತ್ರಿ ಮಳೆ ಬಂದಾಗಲೆಲ್ಲ ಅಪ್ಪ ಎದ್ದು, ಹೊಸ್ತಿಲಾಚೆ ಕೈಯಿಟ್ಟು ನೀರು ನೋಡುತ್ತಿದ್ದರು. ಆ ಹೆಜ್ಜೆಸಪ್ಪಳಕ್ಕೆ ನಾವೂ ಏಳುತ್ತಿದ್ದೆವು. ಹೊಳೆಯುವ ರಸ್ತೆಯನ್ನು ನಾನು ಇಂದಿಗೂ ನಂಬುವುದಿಲ್ಲ.

ಈಗ ನಾನಿರುವ ಕಾಪೆಲ್ ಊರಿನಲ್ಲಿ ನನ್ನ ಮೊಮ್ಮಕ್ಕಳ ಫೋನ್ ಮಳೆಗೂ ಮೊದಲೇ ಕೂಗಿಕೊಳ್ಳುತ್ತದೆ, ನೀರು ನಿಂತ ರಸ್ತೆಯನ್ನು ಕೆಂಪಾಗಿ ತೋರಿಸುತ್ತದೆ. ಗೋಡೆಯ ಮೇಲಿನ ಆ ಕಾಗದ ನೋಡಿ, “ಅಜ್ಜಾ, ದಿಸ್ ಈಸ್ ನಾಟ್ ಫಿನಿಶ್ಡ್,” ಎನ್ನುತ್ತಾರೆ.

ಕಾರು ಹೋಗಿ ಎಷ್ಟೋ ಮಳೆ ಕಳೆದ ಮೇಲೆ ಒಂದು ದಿನ ಅದನ್ನು ತಂದವಳು ಅಮ್ಮ. ಹೋಳಿಗೆ ಕೊಟ್ಟು, ಕೈಸನ್ನೆಯಲ್ಲೇ ಕೇಳಿ ಇಸಿದುಕೊಂಡಿದ್ದಳು. ಆ ಸಂಜೆ ಮತ್ತೆ ಮೋಡ ಕವಿಯಿತು. ಅಪ್ಪ ಒಳಗೆ ಹೊರಗೆ ಓಡಾಡತೊಡಗಿದರು. ಅಮ್ಮ ಕಿಟಕಿಯಿಂದ ನೋಡಿದಳು; ಪಕ್ಕದ ಮನೆಯ ಮುಂದೆ ಚೀನೀ ಅಜ್ಜ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

“ಅವರು ನೋಡ್ಲಿಕ್ಕತ್ತಾರ. ನೀವು ಮಲಕ್ಕೊಳ್ರಿ,” ಎಂದಳು.

ಅಂದು ಮಳೆ ಬಂದರೂ ನಾವೆಲ್ಲ ಬೆಳಗಿನವರೆಗೆ ನಿದ್ದೆ ಮಾಡಿದೆವು.