ನೋವು ನಿಂತರೆ ಹೆದರುವ ಹೆಂಗಸು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತುಮಕೂರು ರಸ್ತೆಯ ಅಂಚಿನ ಬೇವಿನ ಮರದ ಕೆಳಗೆ ಮುನಿಕೃಷ್ಣಮ್ಮ ಕತ್ತೆತ್ತಿ ನಿಂತಿದ್ದಾಳೆ. ಕೈಯಲ್ಲಿ ಬಿದಿರ ಗಳುವಿಗೆ ಕಟ್ಟಿದ ಕುಡುಗೋಲು. ಎಳೆಯ ರೆಂಬೆಯನ್ನು ಅವಳು ಮುಟ್ಟುವುದಿಲ್ಲ, ಅದು ಬಾಯಲ್ಲಿ ನಾರಾಗದೆ ಮುದ್ದೆಯಾಗುತ್ತದೆ. ಬಲಿತದ್ದೂ ಬೇಡ, ವಸಡು ಕೀಳುತ್ತದೆ. ಕಿರುಬೆರಳ ಗಾತ್ರದ್ದನ್ನೇ ಹುಡುಕಿ ಎಳೆದು, ಎಲೆ ಸವರಿ, ಗೇಣುದ್ದಕ್ಕೆ ಕಡಿದು ಐವತ್ತೈವತ್ತರ ಕಟ್ಟು ಕಟ್ಟುತ್ತಾಳೆ. ದಿನಕ್ಕೆ ಆರು ಕಟ್ಟು. ಅವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಲೆಗೇರಿಸುವ ಮುನ್ನ ಒಂದು ಕಡ್ಡಿಯನ್ನು ತಾನೇ ಜಗಿದು ಹಲ್ಲುಜ್ಜುತ್ತಾಳೆ, ಅವಸರವಿಲ್ಲದೆ, ಒಂದೊಂದು ಹಲ್ಲಿನ ಹಿಂದುಮುಂದನ್ನೂ ಮಾತಾಡಿಸಿದ ಹಾಗೆ. ಉಗಿದು ಮುಗಿದ ಮೇಲೆ ಎರಡೂ ಹೆಬ್ಬೆರಳನ್ನು ದವಡೆಯ ಕೆಳಗಿಟ್ಟು ಗಲ್ಲದಿಂದ ಕಿವಿಯವರೆಗೆ ಒತ್ತಿಕೊಂಡು ಹೋಗುತ್ತಾಳೆ.

"ಇವತ್ತೇನೂ ಇಲ್ಲ," ಎನ್ನುತ್ತಾಳೆ ತನಗೆ ತಾನೇ. ಆಮೇಲೆ ಉಸಿರು ಬಿಡುತ್ತಾಳೆ.

ಗೊರಗುಂಟೆಪಾಳ್ಯದ ಈ ಐವತ್ತರ ಹೆಂಗಸಿನ ದಿನ ಹೀಗೆ ಹೆದರಿಕೆಯಿಂದಲೇ ಶುರುವಾಗುತ್ತದೆ. ಹನ್ನೊಂದು ವರ್ಷವಾಯಿತು, ಒಂದು ದಿನವೂ ತಪ್ಪಿಲ್ಲ.

ಮೊದಲು ಯಶವಂತಪುರದ ಸ್ಟೇಷನ್ನು. ತುಮಕೂರಿನ ಕಡೆಯ ಮೊದಲ ರೈಲಿನಿಂದ ಇಳಿದವರು ನಲ್ಲಿಯ ಮುಂದೆ ಸಾಲುಗಟ್ಟುವ ಹೊತ್ತಿಗೆ ಅವಳು ಅಲ್ಲಿರಬೇಕು. ಮೂಟೆ ಹೊರುವ ಹನುಮಯ್ಯ ಅವಳನ್ನು ದಿನಾ ಕೆಣಕುತ್ತಾನೆ.

"ಅಕ್ಕಾ, ಬಾಳೆಣ್ಣು ಮಾರಿದ್ರೆ ಜನ ನಗ್ತಾ ತಕೊಂಡೋಗ್ತಾರೆ. ನೀನ್ ಮಾರೋದು ಬರೀ ಕಹಿ."

"ನಗೋಕೆ ಬಾಯಲ್ಲಿ ಅಲ್ಲು ಇರ್ಬೇಕಲ್ಲಪ್ಪ. ತೆಗಿ ಬಾಯಿ, ನಿಂದು ನೋಡಾನ."

"ಬ್ಯಾಡ ತಾಯಿ. ನೀನು ನೋಡಿದ್ರೆ ಇಲ್ಲದ ನೋವೂ ಬರ್ತದೆ," ಎಂದು ಹನುಮಯ್ಯ ಮೂಟೆಯ ಮರೆಗೆ ಸರಿಯುತ್ತಾನೆ. ಅವನ ಬಾಯಲ್ಲಿ ಹೊಗೆಸೊಪ್ಪು ಕೂತಿರುವ ಜಾಗ ಬೆಳ್ಳಗಾಗಿರುವುದು ಅವಳಿಗೆ ಗೊತ್ತಿದೆ. ಅವನಿಗೂ ಗೊತ್ತಿದೆ. ಅದಕ್ಕೇ ಅವನು ಸರಿಯುವುದು.

ಬಿಸಿಲೇರುವ ಹೊತ್ತಿಗೆ ಪಾಳ್ಯಕ್ಕೆ ವಾಪಸು. ಇಲ್ಲಿ ಅರವತ್ತೆರಡು ಮನೆ. ಸುಗ್ಗಿಯಲ್ಲಿ ಕೊಡುವವರು ಒಂದಿಷ್ಟು ರಾಗಿ ಕೊಡುತ್ತಾರೆ, ಕೊಡದವರ ಮನೆಗೂ ಅವಳು ಹೋಗುತ್ತಾಳೆ. ಕಡ್ಡಿಯ ಜೊತೆಗೆ ಬತ್ತದ ಹೊಟ್ಟು ಸುಟ್ಟು ಉಪ್ಪು ಬೆರೆಸಿದ ಕರಿಪುಡಿ ಕೊಡುತ್ತಾಳೆ. ಇಟ್ಟಿಗೆಪುಡಿ ಕಂಡರೆ ಎತ್ತಿ ತಿಪ್ಪೆಗೆ ಸುರಿಯುತ್ತಾಳೆ, "ಅಲ್ಲು ಅಂದ್ರೆ ಕಬ್ಬಿಣದ ಬಾಣಲೀನಾ, ಉಜ್ಜಿ ಉಜ್ಜಿ ಸವೆಸೋಕೆ?" ಎಂದು ಬೈಯುತ್ತಾಳೆ. ಉಂಡ ಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಕು. ಮಕ್ಕಳು ಬೆಲ್ಲದ ಚೂರು ಬಾಯಲ್ಲಿಟ್ಟುಕೊಂಡು ಮಲಗಬಾರದು. ಮಲಗುವಾಗ ಇನ್ನೊಂದು ಸಲ ಉಜ್ಜಬೇಕು. ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಅವಳು ಹೇಳುವುದನ್ನು ಬಿಡುವುದಿಲ್ಲ.

ಮಕ್ಕಳು ಅವಳನ್ನು ಕಂಡರೆ ಕಣಜದ ಹಿಂದೆ ಅಡಗುತ್ತವೆ. ಅವುಗಳ ಭಯಕ್ಕೆ ಅವಳು ಹೆದರುವುದಿಲ್ಲ. ಅಡಗುವ ಮಕ್ಕಳನ್ನು ಹಿಡಿದು ಬಾಯಿ ತೆಗೆಸಬಹುದು. ಸೆರಗು ಕೆನ್ನೆಗೆ ಒತ್ತಿಕೊಂಡು "ಏನೂ ಇಲ್ಲ ಕಣಕ್ಕ" ಎಂದು ಒಲೆಯ ಕಡೆ ಮುಖ ತಿರುಗಿಸುವ ಹೆಂಗಸರನ್ನು ಹಿಡಿಯುವುದು ಹೇಗೆ? ಮನೆಯಲ್ಲಿ ಎಲ್ಲರ ನೋವಿಗೂ ಸರದಿಯಿದೆ. ಹೆಂಗಸಿನ ಹಲ್ಲುನೋವಿನ ಸರದಿ ದನದ ಕಾಲುನೋವು ಆದ ಮೇಲೆ ಬರುತ್ತದೆ. ಅದನ್ನು ಅವರೂ ಒಪ್ಪಿಕೊಂಡುಬಿಟ್ಟಿದ್ದಾರೆ.

ಬೀದಿಯ ಕೊನೆಗೆ ಒಂದು ಮನೆಯ ಮುಂದೆ ಮಾತ್ರ ಮುನಿಕೃಷ್ಣಮ್ಮ ಕೂಗು ಹಾಕುವುದಿಲ್ಲ. ನಾಲ್ಕು ಕಡ್ಡಿಯನ್ನು ಜಗಲಿಯ ಮೇಲಿಟ್ಟು, ಕಳ್ಳಿಯ ಹಾಗೆ ನಡೆದುಬಿಡುತ್ತಾಳೆ. ಅದು ಪಟಾಲಮ್ಮನ ಮನೆ.

ಆ ಮನೆಯ ವಿಷಯಕ್ಕೆ ಬರಬೇಕಾದರೆ ಮುನಿಕೃಷ್ಣಮ್ಮ ಮೊದಲು ಏನಾಗಿದ್ದಳು ಎಂಬುದನ್ನು ಹೇಳಬೇಕು. ಅವಳು ಹಲ್ಲಿನ ಹುಳ ತೆಗೆಯುವವಳು. ತಾಯಿಯಿಂದ ಬಂದ ಕಸುಬು. ನೆಲಗುಳ್ಳವೆಂಬ ಮುಳ್ಳುಗಿಡದ ಒಣಬೀಜವನ್ನು ಎಣ್ಣೆಯಲ್ಲಿ ಕಲಸಿ, ನೀರಿನ ಬಟ್ಟಲಿನ ನಡುವೆ ಕಾದ ಕಬ್ಬಿಣದ ತುಂಡಿಟ್ಟು, ಅದರ ಮೇಲೆ ಬೀಜ ಹಾಕಿ, ತೂತಿರುವ ಕುಡಿಕೆಯನ್ನು ಬೋರಲು ಹಾಕುವುದು. ತೂತಿಗೆ ಪರಂಗಿ ಎಲೆಯ ದಂಟು ಸಿಕ್ಕಿಸಿ, ನೋವಿರುವವರು ಅದರ ತುದಿಯನ್ನು ಬಾಯಲ್ಲಿಟ್ಟುಕೊಂಡು ಹೊಗೆ ಹಿಡಿಯಬೇಕು. ಸ್ವಲ್ಪ ಹೊತ್ತಿಗೆ ಕುಡಿಕೆ ಎತ್ತಿದರೆ ಬಟ್ಟಲಿನ ನೀರಿನಲ್ಲಿ ಅಕ್ಕಿನುಚ್ಚಿನಷ್ಟು ಸಣ್ಣ ಬಿಳಿ ಹುಳಗಳು ತೇಲುತ್ತಿರುತ್ತವೆ. ಅವನ್ನು ನೋಡಿದ ಕೂಡಲೇ ಅರ್ಧ ನೋವು ಹೋಗುತ್ತದೆ. ಹೆಬ್ಬಾಳದ ಕಡೆಯಿಂದಲೂ ಜನ ಬರುತ್ತಿದ್ದರು.

"ನಾನು ಸುಳ್ಳು ಮಾಡ್ತಿರ್ಲಿಲ್ಲ," ಎನ್ನುತ್ತಾಳೆ. "ನಮ್ಮವ್ವನೂ ಮಾಡ್ತಿರ್ಲಿಲ್ಲ. ನಾವೂ ಅವು ಉಳಾನೇ ಅನ್ಕಂಡಿದ್ವಿ."

ಹನ್ನೊಂದು ವರ್ಷದ ಹಿಂದೆ ಪಟಾಲಮ್ಮ ತನ್ನ ಮಗಳು ಲಕ್ಕಮ್ಮನನ್ನು ಕರೆತಂದಳು. ಹದಿನಾರರ ಹುಡುಗಿ, ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರಿಗೆ ಹುಳುಕು ಹಲ್ಲಿನ ಸುದ್ದಿ ತಲುಪಬಾರದೆಂದು ತಿಂಗಳುಗಟ್ಟಲೆ ಲವಂಗ ಕಚ್ಚಿಕೊಂಡೇ ಓಡಾಡಿದ್ದಳು. ಮುನಿಕೃಷ್ಣಮ್ಮ ಹೊಗೆ ಹಿಡಿಸಿದಳು. ಏಳು ಹುಳ. ಪಟಾಲಮ್ಮ ಎಣಿಸಿ ನೋಡಿ ಕೈಮುಗಿದಳು. ಮಾರನೆಯ ದಿನ ನೋವು ಪೂರ್ತಿ ನಿಂತಿತು. ಹುಡುಗಿ ಬಾವಿಕಟ್ಟೆಯಲ್ಲಿ ನಗುನಗುತ್ತ ನೀರು ಸೇದುತ್ತಿದ್ದುದನ್ನು ಮುನಿಕೃಷ್ಣಮ್ಮ ಕಣ್ಣಾರೆ ಕಂಡಳು. ಮೂರನೆಯ ದಿನ ದವಡೆಯ ಕೆಳಗೆ ಬಾವು. ನಾಲ್ಕನೆಯ ದಿನ ಕತ್ತು ಕಲ್ಲಿನ ಹಾಗಾಯಿತು, ನಾಲಿಗೆ ಮೇಲಕ್ಕೆ ಎದ್ದಿತು, ನೀರು ಇಳಿಯಲಿಲ್ಲ. ಐದನೆಯ ದಿನ ಹುಡುಗಿ ಇರಲಿಲ್ಲ.

ಹಲ್ಲಿನೊಳಗಿನ ಜೀವ ಸತ್ತರೆ ನೋವು ನಿಲ್ಲುತ್ತದೆ, ಕೀವು ಕೆಳಗಿಳಿಯುತ್ತದೆ ಎಂದು ಅವಳಿಗೆ ಬಹಳ ದಿನದ ಮೇಲೆ ದೊಡ್ಡಾಸ್ಪತ್ರೆಯ ಕಾಂಪೌಂಡರ್ ಒಬ್ಬರು ಹೇಳಿದರು. ಅಷ್ಟರಲ್ಲಿ ಅವಳೇ ಇನ್ನೊಂದನ್ನು ಕಂಡುಕೊಂಡಿದ್ದಳು. ಹುಡುಗಿಯ ತಿಥಿ ಕಳೆದ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಕದ ಹಾಕಿಕೊಂಡು ಅದೇ ಕಬ್ಬಿಣ ಕಾಯಿಸಿ ಅದೇ ಬೀಜ ಹಾಕಿದಳು. ದಂಟಿಗೆ ಯಾರ ಬಾಯಿಯೂ ಇಲ್ಲ. ಕುಡಿಕೆ ಎತ್ತಿದಾಗ ಬಟ್ಟಲಲ್ಲಿ ಬಿಳಿ ಹುಳ ತೇಲುತ್ತಿದ್ದವು. ಬಿಸಿಗೆ ಸಿಡಿದ ಬೀಜದ ಒಳಗಿನ ಮೊಳಕೆ, ಅಷ್ಟೇ.

"ಆ ಬಟ್ಟಲು ನೋಡ್ತಾ ಕುಂತಿದ್ದೆ. ನಮ್ಮವ್ವನ ಕಾಲದಿಂದ ಎಷ್ಟ್ ಜನಾನ ಇಂಗೆ ಮನೆಗೆ ಕಳ್ಸಿದ್ದೀವೋ ಅನ್ನಿಸ್ತು. ಯಾರ್ ಉಳಕಂಡ್ರೋ, ಯಾರಿಲ್ವೋ. ಲೆಕ್ಕ ಯಾರ ಅತ್ರ ಇದೆ?"

ಕುಡಿಕೆ ಒಡೆದುಹಾಕಿದಳು. ಬೇವಿನ ಕಡ್ಡಿ ಹಿಡಿದಳು. ಆದರೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಪಟಾಲಮ್ಮನಿಗೆ ಹೇಳಬೇಕಾಗುತ್ತದೆ, ನಿನ್ನ ಮಗಳನ್ನು ಆಸ್ಪತ್ರೆಗೆ ಒಯ್ಯಬೇಕಾದ ದಿನ ನಾನು ಬೀಜ ಸುಟ್ಟೆ ಎಂದು. ಕೇಳಿದವರಿಗೆ "ಕೈಗುಣ ಹೋಯ್ತು" ಎಂದಳು. ಊರು ನಂಬಿತು. ಅವಳು ದಿನಾ ಮುಂಜಾನೆ ಅರವತ್ತೆರಡು ಮನೆಯ ಬಾಯಿ ನೋಡುತ್ತ, ದವಡೆಯ ಕೆಳಗೆ ಹೆಬ್ಬೆರಳು ಒತ್ತುತ್ತ ಓಡಾಡಿದಳು. ಯಾರಾದರೂ "ನೋವು ನಿಂತೋಯ್ತು ಕಣಕ್ಕ" ಎಂದು ಸಂತೋಷದಿಂದ ಹೇಳಿದರೆ ಅವಳು ತಲೆಯ ಮೇಲಿನ ಕಟ್ಟು ಇಳಿಸಿ ಮೊದಲು ಅವರ ದವಡೆ ಒತ್ತಿ ನೋಡುತ್ತಿದ್ದಳು.

ಹೋದ ಶ್ರಾವಣದಲ್ಲಿ ಪಟಾಲಮ್ಮನ ಮನೆಯಿಂದಲೇ ಕರೆ ಬಂತು. ಸೊಸೆ ಗಂಗರತ್ನಮ್ಮ ಇಪ್ಪತ್ತೆಂಟು ದಿನದ ಬಾಣಂತಿ. ಬಾಣಂತಿ ಹಲ್ಲಿಗೆ ಕಡ್ಡಿ ತಾಗಿಸಿದರೆ ಬೇರು ಸಡಿಲವಾಗುತ್ತದೆಂದು ಹೆರಿಗೆಯಾದಾಗಿನಿಂದ ಉಜ್ಜಿಸಿರಲಿಲ್ಲ. ತಣ್ಣೀರು ಬಾಯಿಗೆ ಸೋಕಬಾರದು. ಹೊತ್ತೊತ್ತಿಗೆ ಬೆಲ್ಲ ಶುಂಠಿಯ ಉಂಡೆ ಮಾತ್ರ ತಪ್ಪಿರಲಿಲ್ಲ. ಜಗಲಿಯಲ್ಲಿ ಮನೆಯವರೆಲ್ಲ ನಿಂತಿದ್ದರು. ಒಳಗೆ ಕತ್ತಲ ಕೋಣೆಯಲ್ಲಿ ಹುಡುಗಿ ಮಗುವನ್ನು ಎದೆಗವಚಿಕೊಂಡು ಕೂತಿದ್ದಳು. ಕೆಳಗಿನ ದವಡೆ ಹಲ್ಲು ಹುಳುಕಾಗಿ ತೂತು ಬಿದ್ದಿತ್ತು.

"ನೋವು ಯಾವಾಗಿಂದ ಅಮ್ಮಣ್ಣಿ?"

"ಹತ್ತು ದಿನ ಇತ್ತು. ಮೊನ್ನೆ ನಿಂತೋಯ್ತು," ಎಂದಳು ಗಂಗರತ್ನಮ್ಮ. ಮಾತು ತೊದಲುತ್ತಿತ್ತು.

ಮುನಿಕೃಷ್ಣಮ್ಮ ಹೆಬ್ಬೆರಳು ಒತ್ತಿದಳು. ಗಟ್ಟಿಯಾಗಿತ್ತು, ಬಿಸಿಯಾಗಿತ್ತು. ಹೊರಗೆ ಬಂದು "ಈಗ್ಲೇ ದೊಡ್ಡಾಸ್ಪತ್ರೆಗೆ ಕರಕೊಂಡೋಗಿ" ಎಂದಳು.

ಪಟಾಲಮ್ಮ ಬಾಗಿಲಿಗೆ ಅಡ್ಡ ನಿಂತಳು. "ಹಸೀ ಬಾಣಂತೀನ ಗಾಳಿಗೆ ಹಾಕ್ತಾರಾ? ಅವತ್ತು ಏಳು ತೆಗ್ದೆ. ಎಂಟನೇದು ಒಳಗೇ ಉಳ್ಕಂಡಿತ್ತು, ಅದೇ ನನ್ ಮಗಳನ್ನ ತಿಂದಿದ್ದು. ಹನ್ನೊಂದು ವರ್ಸದಿಂದ ನಿನ್ನ ಒಂದ್ ಮಾತು ಅಂದಿಲ್ಲ ನಾನು. ಇವತ್ತು ಪೂರಾ ತೆಗಿ. ಒಂದೂ ಬಿಡಬ್ಯಾಡ. ನಿನ್ ಕಾಲಿಗೆ ಬೀಳ್ತೀನಿ."

ಎಂಟನೆಯ ಹುಳ. ಇಷ್ಟು ವರ್ಷ ಆ ತಾಯಿ ಅದನ್ನು ನಂಬಿಕೊಂಡು ಬದುಕಿದ್ದಳು. ಮುನಿಕೃಷ್ಣಮ್ಮನ ಮುಂದೆ ಎರಡು ದಾರಿಯಿತ್ತು. ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಪಟಾಲಮ್ಮ ಬಾಗಿಲು ಬಿಡುವುದಿಲ್ಲ. ಹುಳವೇ ಸುಳ್ಳೆಂದು ತೋರಿಸಿದರೆ ಈ ಹೆಂಗಸು ಇನ್ನೊಮ್ಮೆ ಮಗಳನ್ನು ಕಳೆದುಕೊಳ್ಳುತ್ತಾಳೆ. ಒಳಗೆ ಬಾಣಂತಿ ಉಗುಳು ನುಂಗಲಾರದೆ ಕೆಮ್ಮಿದ ಸದ್ದು ಕೇಳಿಸಿತು.

"ಕಬ್ಬಿಣ ಕಾಯ್ಸಿ," ಎಂದಳು. "ಬೇಲಿ ಬುಡದಾಗೆ ನೆಲಗುಳ್ಳ ಒಣಗೈತೆ, ಕಿತ್ಕಂಡ್ ಬನ್ನಿ."

ಅಂಗಳದ ನಡುವೆ ಬಟ್ಟಲಿಟ್ಟಳು. ಆ ಮನೆಯದೇ ಕುಡಿಕೆಯೊಂದಕ್ಕೆ ತೂತು ಮಾಡಿ ಬೋರಲು ಹಾಕಿದಳು, ಹೊಗೆ ಎದ್ದಿತು. ಪಟಾಲಮ್ಮ ಸೊಸೆಯನ್ನು ಎಬ್ಬಿಸಲು ಹೋದಾಗ ಮುನಿಕೃಷ್ಣಮ್ಮ ತಡೆದಳು. "ಯಾರೂ ಬಾಯಿ ಇಡಬ್ಯಾಡಿ. ಸುಮ್ಕೆ ನೋಡಿ." ಹೊಗೆ ಗಾಳಿಗೆ ಹೋಯಿತು. ಕುಡಿಕೆ ಎತ್ತಿದಳು. ನೀರಿನ ಮೇಲೆ ಒಂಬತ್ತು ತೇಲುತ್ತಿದ್ದವು.

"ಇವು ಯಾರ ಬಾಯಿಂದ ಬಂದ್ವು, ಪಟಾಲಕ್ಕ?"

ಪಟಾಲಮ್ಮ ಕುಕ್ಕುರುಗಾಲಲ್ಲಿ ಕೂತು ಒಂದನ್ನು ಬೆರಳ ತುದಿಗೆ ತೆಗೆದುಕೊಂಡಳು. ಉಗುರಿನಿಂದ ಒತ್ತಿದಳು. ಅದು ಎಳೆ ಅವರೆಕಾಳಿನ ಹಾಗೆ ಎರಡು ಹೋಳಾಯಿತು. ತಲೆಯೆತ್ತಿದಾಗ ಮುನಿಕೃಷ್ಣಮ್ಮನ ಕಡೆ ನೋಡಲಿಲ್ಲ.

"ಶ್ರೀರಾಮಾ," ಎಂದಳು ಮಗನಿಗೆ, "ಗಾಡಿ ಕಟ್ಟು."

ಗಂಗರತ್ನಮ್ಮ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ವಾಪಸು ಬಂದಳು. ಹಲ್ಲು ಹೋಯಿತು, ಗಲ್ಲದ ಕೆಳಗೆ ಕೊಯ್ದ ಗುರುತು ಉಳಿಯಿತು, ಜೀವ ಉಳಿಯಿತು. ಆಸ್ಪತ್ರೆಯ ಚೀಟಿಯಲ್ಲಿ ಮುನಿಕೃಷ್ಣಮ್ಮನ ಹೆಸರೆಲ್ಲೂ ಇಲ್ಲ. ಊರಲ್ಲಿ ಕೆಲವರು ಅವಳ ಕಡ್ಡಿ ಬೇಡವೆಂದರು, ಇಷ್ಟು ದಿನ ಮೋಸ ಮಾಡಿದವಳೆಂದು. ಒಂದು ತಿಂಗಳು ಅರವತ್ತೆರಡು ಮನೆ ನಲವತ್ತಕ್ಕೆ ಇಳಿಯಿತು, ಈಗ ಮತ್ತೆ ಅರವತ್ತಾಗಿದೆ. ಪಟಾಲಮ್ಮ ಮಾತ್ರ ಅಂದಿನಿಂದ ಅವಳ ಜೊತೆ ಮಾತಾಡಿಲ್ಲ. ಬೈದಿಲ್ಲ, ಅತ್ತಿಲ್ಲ, ಕಡ್ಡಿಯನ್ನು ಜಗಲಿಯಿಂದ ಎಸೆದೂ ಇಲ್ಲ. ಮುನಿಕೃಷ್ಣಮ್ಮ ಹೆಚ್ಚು ಹೆದರುವುದು ಆ ಮೌನಕ್ಕೇ.

ಮಾಘದ ಈ ಮುಂಜಾನೆಯೂ ಅವಳು ಕಡ್ಡಿ ಇಟ್ಟು ತಿರುಗುತ್ತಿದ್ದಾಳೆ. ಗಂಗರತ್ನಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹೊರಗೆ ಬರುತ್ತಾಳೆ. ಮಗುವಿಗೆ ಕೆಳಗೆ ಎರಡು ಹಲ್ಲು ಬಂದಿವೆ, ಒದ್ದೆ ಬಟ್ಟೆಯಿಂದ ದಿನಾ ಒರೆಸುತ್ತಾಳಂತೆ. ಮುನಿಕೃಷ್ಣಮ್ಮ ಕಿರುಬೆರಳಿನಿಂದ ಅವನ್ನು ಮುಟ್ಟಿ ನೋಡಿ ನಗುತ್ತಾಳೆ.

"ಅತ್ತೆ ಹೆಂಗವ್ರೆ?"

"ಚೆನ್ನಾಗವ್ರೆ ಕಣಕ್ಕ. ಎಡಗಡೆ ಅಲ್ಲು ನೋವು ಅಂತ ಒಂದೇ ಕಡೆ ಎಲೆಅಡಿಕೆ ಅಗೀತಿದ್ರಲ್ಲ, ನಿನ್ನೆಯಿಂದ ನೋವು ನಿಂತೈತಂತೆ. ಈಗ ಎರಡೂ ಕಡೆ ಅಗೀತಾರೆ."

ಮುನಿಕೃಷ್ಣಮ್ಮನ ನಗು ಅಲ್ಲೇ ನಿಲ್ಲುತ್ತದೆ. ತಲೆಯ ಮೇಲಿನ ಕಟ್ಟನ್ನು ಇಳಿಸುತ್ತಾಳೆ. ಆರು ತಿಂಗಳಲ್ಲಿ ಮೊದಲ ಸಲ ಆ ಜಗಲಿಯ ಮೇಲೆ ಕೂರುತ್ತಾಳೆ. ಒಳಗಿಂದ ಎಲೆಅಡಿಕೆ ಕುಟ್ಟುವ ಸದ್ದು ಬರುತ್ತಿದೆ. ಜಗಲಿಯ ಮೇಲೆ ಯಾರೋ ಕೂತದ್ದು ತಿಳಿದಿರಬೇಕು, ಸದ್ದು ನಿಲ್ಲುತ್ತದೆ. ಯಾರೂ ಹೊರಗೆ ಬರುವುದಿಲ್ಲ.

ಇನ್ನೂ ಇಪ್ಪತ್ತು ಮನೆ ಬಾಕಿಯಿದೆಯಲ್ಲ, ಬಿಸಿಲೇರುತ್ತಿದೆಯಲ್ಲ ಎಂದು ಗಂಗರತ್ನಮ್ಮ ಅಂದರೆ ಅವಳು ಇರಲಿ ಎಂಬಂತೆ ತಲೆಯಾಡಿಸುತ್ತಾಳೆ. ಕಣ್ಣು ಬಾಗಿಲ ಮೇಲೇ ಇದೆ. ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ.

"ಆವಮ್ಮ ಬಾಯಿ ತೆಗಿಯೋಗಂಟ ನಾನು ಏಳಲ್ಲ," ಎನ್ನುತ್ತಾಳೆ. "ಬೈಯೋಕಾದ್ರೂ ಸರಿ, ಒಂದ್ಸಲ ತೆಗೀಲಿ. ಮಿಕ್ಕಿದ್ದು ನಾನ್ ನೋಡ್ಕಂತೀನಿ."