ಒಂದೂಕಾಲಿನಿಂದ ನಾಲ್ಕರವರೆಗೆ

ತುವಾನನ ಬಲಗೈ ಮುರಿಸಿದವನು ನಾನು. ಕೋಲು ಹಿಡಿದವನು ಬೇರೆ, ಬಾಗಿಲು ಒದ್ದವನು ಬೇರೆ — ಆದರೆ ಅವರನ್ನು ಆ ಬಾಗಿಲಿಗೆ ಕರೆತಂದವನು ನಾನು. ಮೂರು ವರ್ಷ ಇದನ್ನು ಒಳಗಿಟ್ಟುಕೊಂಡು ಉಂಡಿದ್ದೇನೆ, ಮಲಗಿದ್ದೇನೆ, ನಿಮ್ಮೆಲ್ಲರ ಜೊತೆ ಕೂತು ನಕ್ಕಿದ್ದೇನೆ.

ನಿಮ್ಮೆಲ್ಲರ ಜೊತೆ ಅಂದೆ. ಡಬ್ಲಿನ್ನಿನ ಕನ್ನಡದ ಬಂಧುಗಳೇ, ಇದನ್ನು ನಿಮ್ಮ ಮುಂದೆ ಹೇಳುವುದಕ್ಕೆ ಕಾರಣವಿದೆ. ಆ ವರ್ಷ ರಾಜ್ಯೋತ್ಸವದ ದಿನ ನೀವು ನನ್ನನ್ನು ವೇದಿಕೆಗೆ ಕರೆದಿರಿ. "ನಮ್ಮ ನಾಗರಾಜಣ್ಣ ಪಕ್ಕದ ಮನೆಯವನ ಪ್ರಾಣ ಉಳಿಸಿದ್ದಾರೆ, ಎಲ್ಲರೂ ಜೋರಾಗಿ ಒಂದು ಚಪ್ಪಾಳೆ ಬರ್ಲಿ!" ಎಂದಿರಿ. ಶಾಲು ಹೊದಿಸಿದಿರಿ, ಮೈಸೂರು ಪೇಟ ತೊಡಿಸಿದಿರಿ. ಪೇಟ ಕಣ್ಣಿನವರೆಗೆ ಇಳಿಯಿತು. "ಅಣ್ಣಾ, ನಿಮ್ ತಲೆ ಚಿಕ್ಕದಾಯ್ತು, ಪೇಟದ್ದೇನೂ ತಪ್ಪಿಲ್ಲ" ಎಂದು ಯಾರೋ ಕೂಗಿದರು, ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಕಣ್ಣು ಮುಚ್ಚಿದ್ದು ಒಳ್ಳೆಯದೇ ಆಯಿತು ಅನ್ನಿಸಿತು — ಮುಂದಿನ ಸಾಲಿನಲ್ಲಿ ತುವಾನ್ ಕೂತಿದ್ದ. ಪಟ್ಟಿ ಕಟ್ಟಿದ ಕೈಯಿಂದ ಚಪ್ಪಾಳೆ ತಟ್ಟಲಾಗದೆ ಎಡಗೈಯಿಂದ ತೊಡೆ ತಟ್ಟುತ್ತಿದ್ದ.

ತುವಾನ್ ಯಾರು ಎಂದು ತಿಳಿಯದವರಿಗೆ ಹೇಳುತ್ತೇನೆ. ಬ್ಲಾಂಚರ್ಡ್ಸ್‌ಟೌನಿನಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ವಿಯೆಟ್ನಾಮಿನ ಸಾಯಿಗೋನ್ ಪಟ್ಟಣದವನು, ನನಗಿಂತ ಐದಾರು ವರ್ಷ ಚಿಕ್ಕವನು. ಮುಂದಿನ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಭೂತಗನ್ನಡಿ, ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್‌ಗಳು. ಬಡಾವಣೆಯ ಒಡೆದ ಫೋನುಗಳೆಲ್ಲ ಅವನ ಕೈಯಲ್ಲೇ ಜೀವ ಪಡೆಯುತ್ತಿದ್ದವು. ಅವನ ಬೆರಳುಗಳನ್ನು ನೋಡಿದರೆ ನನಗೆ ಹೂ ಕಟ್ಟುವ ನಮ್ಮಜ್ಜಿ ನೆನಪಾಗುತ್ತಿದ್ದರು — ಅಷ್ಟು ನಯ, ಅಷ್ಟು ಚುರುಕು.

ವಾರದ ಕೊನೆಯಲ್ಲಿ ಅವನಿಗೆ ಇನ್ನೊಂದು ಕೆಲಸ. ಫೋನನ್ನು ಕಂಬಕ್ಕೆ ಸಿಕ್ಕಿಸಿ, ಲೈವ್ ಬಂದು, ಐರ್ಲೆಂಡಿನ ಹಾಲಿನ ಪುಡಿಯ ಡಬ್ಬಿ, ವಿಟಮಿನ್ ಗುಳಿಗೆ, ಹಳೆಯ ಫೋನುಗಳನ್ನು ತನ್ನ ಊರಿನವರಿಗೆ ಮಾರುತ್ತಿದ್ದ. ಅವನ ಊರಿನ ಕಥೆಗಳೋ — ಕೇಳುತ್ತಾ ಕೂತರೆ ಕಾಫಿ ಆರಿಹೋಗುತ್ತಿತ್ತು. ಸಿಗ್ನಲ್ಲಿನಲ್ಲಿ ನೂರಾರು ಸ್ಕೂಟರ್ ನಿಂತಿರುತ್ತವಂತೆ, ಒಂದೊಂದರ ಹ್ಯಾಂಡಲ್ಲಿಗೂ ಒಂದು ಫೋನು, ಒಂದೊಂದು ಫೋನಿನಲ್ಲೂ ಯಾರೋ ಒಬ್ಬರು ಲೈವ್‌ನಲ್ಲಿ ಮುಖಕ್ಕೆ ಹಚ್ಚುವ ಸೀರಮ್ಮೋ ಚಪ್ಪಲಿಯೋ ಮಾರುತ್ತಿರುತ್ತಾರಂತೆ. ಹಸಿರು ದೀಪ ಬರುವುದರೊಳಗೆ ಹೆಬ್ಬೆರಳಲ್ಲಿ ಆರ್ಡರ್ ಬರೆದು ಮುಗಿಸಬೇಕು.

"ಅದಕ್ಕೇ ರಾಜ್, ನಮ್ಮಲ್ಲಿ ಅಕ್ಷರಕ್ಕೆ ಚುಕ್ಕಿ, ಗೆರೆ ಯಾರೂ ಹಾಕಲ್ಲ. ಹಾಕೋರು ಮೇಷ್ಟ್ರುಗಳು ಮಾತ್ರ" ಎಂದು ಒಮ್ಮೆ ನಕ್ಕಿದ್ದ. ಅವನೂ ನಾನೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ನನ್ನ ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದೇನೆ. ಕಾಗದದ ಮೇಲೆ ಬರೆದೂ ತೋರಿಸಿದ್ದ. ಬಾನ್ ಎಂಬ ಪದ, ಇಂಗ್ಲಿಷಿನಂಥದೇ ಮೂರು ಅಕ್ಷರ. ನಡುವಿನ ಅಕ್ಷರದ ಕೆಳಗೆ ಚುಕ್ಕಿ ಇಟ್ಟರೆ ಗೆಳೆಯ. ತಲೆಯ ಮೇಲೆ ಓರೆ ಗೆರೆ ಎಳೆದರೆ ಮಾರಾಟ. ಎರಡನ್ನೂ ಬಿಟ್ಟರೆ — "ಸಾಯಿಗೋನಿನವರಿಗೆ ಗೊತ್ತಾಗುತ್ತೆ, ಫೋನಿಗೆ ಗೊತ್ತಾಗಲ್ಲ."

ನಾನೂ ಬಿಡಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ನಮ್ಮ ಪಾಡು ಹೇಳಿದೆ. ಮಗಳ ಹುಟ್ಟುಹಬ್ಬಕ್ಕೆ ನನ್ನ ಚಿಕ್ಕಮ್ಮ "ಮಗೂಗೆ ಏನಾದ್ರೂ ಕೊಳ್ಳಿ" ಎಂದು ಕಳಿಸಿದ್ದಳು. ಆ ಅಕ್ಷರದಲ್ಲಿ ಕೊಳ್ಳಿಗೂ ಕೊಲ್ಲಿಗೂ ಎಲ್ಲಿದೆ ವ್ಯತ್ಯಾಸ? ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಅಂದರೆ ನನಗೆ ಗೊತ್ತಿತ್ತು. ಬಡಾವಣೆಯ ಇನ್ನಾರಿಗೂ ಗೊತ್ತಿರದಿದ್ದದ್ದು ನನ್ನೊಬ್ಬನಿಗೆ ಗೊತ್ತಿತ್ತು — ಇದನ್ನು ನೀವು ಮರೆಯಬೇಡಿ.

ಆ ಶನಿವಾರ ಮಧ್ಯಾಹ್ನ ಹನ್ನೆರಡೂವರೆ. ನನ್ನ ಹೆಂಡತಿ ಸುಧಾ ಕೆಲಸಕ್ಕೆ ಹೋಗಿದ್ದಳು. ಏಳು ವರ್ಷದ ಮಗಳು ಇಂಚರ ಪಕ್ಕದ ಮನೆಯಲ್ಲಿ, ತುವಾನನ ಮಗಳು ಲಿನ್ ಜೊತೆ. ಇಬ್ಬರೂ ಒಂದೇ ತರಗತಿ, ಒಂದೇ ಜೀವ. ನಾನು ಸೋಫಾದಲ್ಲಿ ಬಿದ್ದುಕೊಂಡು ಹೊತ್ತು ಹೋಗದೆ ತುವಾನನ ಲೈವ್ ತೆರೆದೆ. ಪರದೆಯ ಮೇಲೆ ನನ್ನ ಮಗಳು! ಕೈಯಲ್ಲಿ ಹಾಲಿನ ಪುಡಿಯ ಡಬ್ಬಿ, ಮುಖದಲ್ಲಿ ಇಷ್ಟಗಲ ನಗು. ಕೆಳಗೆ ಬಳಬಳನೆ ಏರುವ ಮಾತುಗಳು, ಹಾರುವ ಕೆಂಪು ಹೃದಯಗಳು. ಅನುವಾದದ ಗುಂಡಿ ಒತ್ತಿದೆ.

"ಈ ಹುಡುಗಿಯನ್ನು ಮಾರುತ್ತೀಯಾ ಅಣ್ಣ?" ಎಂದು ಯಾರೋ ಕೇಳಿದ್ದರು. ತುವಾನ್ ಉತ್ತರ ಬರೆದಿದ್ದ: "ಹೌದು, ಮಗು ಮಾರಾಟ."

ಎದೆ ಧಸಕ್ಕೆಂದಿತು. ಅಷ್ಟು ನಿಜ. ಯಾವ ತಂದೆಗಾದರೂ... ಇಲ್ಲ, ಆ ದಾರಿ ಹಿಡಿಯುವುದಿಲ್ಲ. ಮುಂದೆ ಮಾಡಿದ್ದನ್ನಷ್ಟೇ ಹೇಳುತ್ತೇನೆ. ನಿಜಕ್ಕೂ ಹೆದರಿದ ತಂದೆ ಎದ್ದು ಓಡುತ್ತಾನೆ. ಹತ್ತು ಹೆಜ್ಜೆ ಅಷ್ಟೇ. ನಾನು ಓಡಲಿಲ್ಲ. ಮೊದಲು ಆ ಪರದೆಯ ಚಿತ್ರ ಹಿಡಿದೆ. ಮಗಳ ಮುಖವನ್ನು ಬೆರಳಲ್ಲಿ ಅಳಿಸಿದೆ. ಬಡಾವಣೆಯ ಆನ್‌ಲೈನ್ ಗುಂಪಿನಲ್ಲಿ ಹೆಸರು ಮರೆಮಾಡಿ ಬರೆಯುವ ಅವಕಾಶವಿತ್ತು, ಅಲ್ಲಿ ಚಿತ್ರ ಹಾಕಿ ಬರೆದೆ — "ಇವನು ನಮ್ಮ ಮಕ್ಕಳನ್ನು ಮಾರುತ್ತಿದ್ದಾನೆಯೇ? ಮನೆ ನಂಬರ್ ಹನ್ನೆರಡು."

ಮನೆ ನಂಬರ್. ಅದನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಹೋಗಿ ಮಗಳನ್ನು ಕರೆದೆ. "ಊಟಕ್ಕೆ ಬಾ." ತುವಾನ್ ಲೈವ್‌ನಿಂದಲೇ ನನಗೆ ಕೈ ಬೀಸಿದ. ಲಿನ್ ಕೂಡ ಹಿಂದೆಯೇ ಬಂದಳು. "ಡ್ಯಾಡ್, ಲಿನ್ ಕ್ಯಾನ್ ಕಮ್, ಕಾಂಟ್ ಶೀ?" ಎಂದಳು ಇಂಚರ, ತನ್ನ ಐರಿಷ್ ರಾಗದಲ್ಲಿ. ಮಕ್ಕಳು ಮೇಲೆ ಆಡಲು ಹೋದರು. ಇಷ್ಟರಲ್ಲಿ ಮನಸ್ಸಿನಲ್ಲಿ ಏನೋ ಕೊರೆಯತೊಡಗಿತ್ತು. ಲೆಪರ್ಡ್ಸ್‌ಟೌನಿನ ನಮ್ಮ ಆಫೀಸಿನಲ್ಲಿ ಹೋವಾ ಎಂಬ ವಿಯೆಟ್ನಾಮಿನ ಹೆಣ್ಣುಮಗಳಿದ್ದಾಳೆ. ಅವಳಿಗೆ ಚಿತ್ರ ಕಳಿಸಿ, ಇದೇನಮ್ಮ ಎಂದು ಕೇಳಿದೆ. ಒಂದೂಕಾಲಿಗೆ ಉತ್ತರ ಬಂತು. "ಅಯ್ಯೋ ನಾಗ್, ಅದು ಮಗಳ ಗೆಳತಿ ಅಂತ! 'ಈ ಪುಟ್ಟಿ ನಿನ್ನ ಮಗಳ ಗೆಳತಿಯಾ' ಅಂತ ಕೇಳಿದ್ದಾರೆ. 'ಹೌದು, ಮಗಳ ಗೆಳತಿ' ಅಂದಿದ್ದಾನೆ. ಚುಕ್ಕಿ ಹಾಕಿಲ್ಲ ಅಷ್ಟೇ. ಯು ಆರ್ ಗ್ರ್ಯಾಂಡ್, ಏನೂ ಆಗಿಲ್ಲ, ಚಿಂತೆ ಬಿಡು." ಜೊತೆಗೆ ನಗುವ ಮುಖಗಳು ನಾಲ್ಕು.

ಆಗ ಗುಂಪು ತೆರೆದು ನೋಡಿದೆ. ಏನು ಹೇಳಲಿ — ಮೂರು ವರ್ಷದಿಂದ ಆ ಗುಂಪಿನಲ್ಲಿ ನಾನು ಕಸದ ಬುಟ್ಟಿಯ ಬಗ್ಗೆ ಕೇಳಿದರೂ ಒಬ್ಬರೂ ಉತ್ತರಿಸಿರಲಿಲ್ಲ. ಇವತ್ತು ನೂರಾರು ಉತ್ತರ. "ಫೇರ್ ಪ್ಲೇ ಟು ಯು" ಎಂದು ಬೆನ್ನು ತಟ್ಟುವವರು. "ಕೊನೆಗೂ ನಮ್ಮವನೊಬ್ಬ ಬಾಯಿ ಬಿಟ್ಟ" ಎಂದು ಒಬ್ಬ ಬರೆದಿದ್ದ. ನಮ್ಮವನು! ಹೆಸರಿಲ್ಲದ ನನ್ನನ್ನು ಅವರು ತಮ್ಮವನು ಅಂದುಕೊಂಡಿದ್ದರು. ಹೇಳಲು ನಾಚಿಕೆಯಾಗುತ್ತದೆ — ಆ ಮಾತು ನನಗೆ ಹಿತವಾಗಿತ್ತು. ಅದನ್ನು ಎರಡು ಸಲ ಓದಿದೆ.

ಬರೆದದ್ದನ್ನು ಅಳಿಸಿದೆ. ತಪ್ಪಾಯಿತು, ಅದು ಗೆಳತಿ ಎಂಬ ಪದ ಎಂದು ಒಂದು ಸಾಲು ಬರೆದೆ, ಅದನ್ನೂ ಅಳಿಸಿದೆ. ಯಾರು ಇವನು ಎಂದು ಹುಡುಕಿದರೆ? ಕೋಪ ನನ್ನ ಬಾಗಿಲಿಗೆ ತಿರುಗಿದರೆ? ಐದು ನಿಮಿಷಕ್ಕೆ ಹೊಸ ಮಾತು ಹುಟ್ಟಿತು — "ತೆಗೆಸಿಹಾಕಿದರು ನೋಡಿ! ಮುಚ್ಚಿಹಾಕುತ್ತಿದ್ದಾರೆ!" ನಾನು ಹಾಕಿದ್ದ ಚಿತ್ರ ಹತ್ತು ಕೈಗಳಿಂದ ಮತ್ತೆ ಮೇಲೆ ಬಂತು. ಒಬ್ಬ ಬರೆದ: "ನಾಲ್ಕು ಗಂಟೆ. ಯಾರ‍್ಯಾರು ಬರ್ತೀರಿ?"

ಓದಿದೆ. ಪೊಲೀಸರಿಗೆ ಫೋನ್ ಮಾಡಲಿಲ್ಲ. ಗೋಡೆಯಾಚೆ ತುವಾನ್ ಹಾಡು ಗುನುಗುತ್ತಿದ್ದ. ಗೋಡೆಯನ್ನೂ ತಟ್ಟಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಎರಡು ಕಾರು ಬಂದವು. ಏಳು ಜನ. ಮೂವರು ಮುಖಕ್ಕೆ ಬಟ್ಟೆ ಕಟ್ಟಿದ್ದರು, ನಾಲ್ವರಿಗೆ ಅದೂ ಬೇಕಿರಲಿಲ್ಲ. ಒಬ್ಬನ ಕೈಯಲ್ಲಿ ಈ ಊರಿನವರು ಆಡುವ ಹರ್ಲಿಂಗ್ ಆಟದ ಕೋಲು, ತುದಿ ಅಗಲ. ಮಕ್ಕಳು ಹಿಂದಿನ ಕೋಣೆಯಲ್ಲಿ ಆಡುತ್ತಿದ್ದರು, ನಾನು ಮೇಲಿನ ಮುಂದಿನ ಕೋಣೆಯ ಕಿಟಕಿ ಪರದೆಯ ಹಿಂದೆ ನಿಂತಿದ್ದೆ. ಕೈಯಲ್ಲಿ ಫೋನಿತ್ತು, ತುವಾನನ ಎರಡನೇ ಲೈವ್ ನಡೆಯುತ್ತಿತ್ತು. ಹೀಗಾಗಿ ನಾನು ಅದನ್ನು ಎರಡು ಸಲ ನೋಡಿದೆ — ಕಿಟಕಿಯಲ್ಲಿ ಒಮ್ಮೆ, ಮೂರು ಕ್ಷಣ ತಡವಾಗಿ ಫೋನಿನಲ್ಲಿ ಇನ್ನೊಮ್ಮೆ.

ಗಾಜು ಒಡೆಯಿತು. ಬಾಗಿಲು ಒಳಕ್ಕೆ ಬಿತ್ತು. ಹುಡುಗಿಯರೆಲ್ಲಿ, ಹುಡುಗಿಯರೆಲ್ಲಿ ಎಂದು ಅವರು ಕೂಗುತ್ತಿದ್ದರು. ತುವಾನನಿಗೆ ಯಾಕೆ ಕೇಳುತ್ತಿದ್ದಾರೆಂದೇ ತಿಳಿಯಲಿಲ್ಲ. "ನೆಕ್ಸ್ಟ್ ಡೋರ್! ಮೈ ಫ್ರೆಂಡ್, ನೆಕ್ಸ್ಟ್ ಡೋರ್!" ಎಂದು ನಮ್ಮ ಮನೆಯ ಕಡೆ ಕೈ ತೋರಿಸಿದ. ತೋರಿಸಿದ ಕೈಯ ಮೇಲೇ ಮೊದಲ ಏಟು. ಮೂಳೆಯ ಸದ್ದು ಗೋಡೆ ದಾಟಿ ಬಂತು. ಮೇಜು ಮಗುಚಿತು. ನೆಲಕ್ಕೆ ಕೆಡವಿ, ಅಂಗೈ ಅಗಲಿಸಿ, ಬೂಟುಗಾಲಿನಿಂದ ಬೆರಳುಗಳನ್ನು ತುಳಿದರು — ಒಂದೊಂದಾಗಿ, ಬೇಕೆಂದೇ. ತಲೆಗೂದಲು ಹಿಡಿದು ಹೊರಗೆಳೆದು ಕಾಂಕ್ರೀಟಿಗೆ ಮುಖ ಉಜ್ಜಿದರು. ಬಿಳಿ ಹಾಲಿನ ಪುಡಿಯಲ್ಲಿ ರಕ್ತ ಕಲೆತು ಅಂಟಂಟಾಗಿತ್ತು. ಫೋನು ಮಾತ್ರ ಕಂಬದಲ್ಲಿ ನೆಟ್ಟಗೆ ನಿಂತು ಎಲ್ಲವನ್ನೂ ಸಾಯಿಗೋನಿಗೆ ಕಳಿಸುತ್ತಿತ್ತು. ಮೊದಲು ಹೃದಯಗಳು ಹಾರಿದವು. ಏನೋ ತಮಾಷೆ ಅಂದುಕೊಂಡಿರಬೇಕು. ಆಮೇಲೆ ಅಳುವ ಮುಖಗಳು. ಆಮೇಲೆ ಒಂದೇ ಹೆಸರಿನಿಂದ ಒಂದೇ ಪದ, ಮತ್ತೆ ಮತ್ತೆ, ಮತ್ತೆ ಮತ್ತೆ. ಅನುವಾದದ ಗುಂಡಿ ಒತ್ತಿದೆ. "ಮಗನೇ" ಎಂದಿತ್ತು. ಅವನ ತಾಯಿ ನೋಡುತ್ತಿದ್ದಳು.

ಕಾರುಗಳು ಹೋದ ಮೇಲೆ ನಾನು ಬಾಗಿಲು ತೆರೆದೆ. ಹೋದ ಮೇಲೆ, ಮೊದಲಲ್ಲ. ನೀವು ಚಪ್ಪಾಳೆ ತಟ್ಟಿದ್ದು ಅದಕ್ಕೆ — ಅವನನ್ನು ಎತ್ತಿ ಕಾರಿಗೆ ಹಾಕಿ ಆಸ್ಪತ್ರೆಗೆ ಒಯ್ದದ್ದಕ್ಕೆ. ದಾರಿಯುದ್ದಕ್ಕೂ ಅವನು ಥ್ಯಾಂಕ್ಯೂ ಥ್ಯಾಂಕ್ಯೂ ಎನ್ನುತ್ತಿದ್ದ. ಹಲ್ಲು ಮುರಿದ ಬಾಯಿಗೆ ಅದು ಸರಿಯಾಗಿ ಬರುತ್ತಲೂ ಇರಲಿಲ್ಲ. ಇಲ್ಲಿಯ ಪೊಲೀಸರು, ಗಾರ್ಡಾಗಳು ಬಂದು ಆ ಚಿತ್ರ ಯಾರು ಹಾಕಿದ್ದೆಂದು ಗೊತ್ತೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಮನೆಗೆ ಬಂದರೆ ಸುಧಾ ಅಂಗಳದ ರಕ್ತಕ್ಕೆ ನೀರು ಹೊಯ್ದು ಗುಡಿಸುತ್ತಿದ್ದಳು. "ಯಾವ ದರಿದ್ರ ನನ್ಮಗ ಹಾಕಿದ್ನೋ ಅದನ್ನ! ಅವನ ಕೈ ಸೇದ್ಹೋಗ! ಅವನ ಮನೇಲೂ ಮಕ್ಕಳಿರ್ತವಲ್ಲ ರೀ, ಅವನ್ನ ನೋಡ್ಕೊಂಡು ಅದ್ಹೇಗೆ ಅನ್ನ ತಿಂತಾನೆ?" ನಾನು ಅವಳ ಕೈಯಿಂದ ಪೊರಕೆ ತೆಗೆದುಕೊಂಡೆ. ಗುಡಿಸಿದೆ.

ತುವಾನನ ಮನೆಯವರು ಡ್ರೋಹೆಡಾ ಎಂಬ ಊರಿಗೆ ಮನೆ ಬದಲಿಸಿದರು. ತುವಾನನ ಮೂರು ಬೆರಳು ಈಗ ಮಡಚುವುದಿಲ್ಲ. ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಾನೆ. ನಾವು ಹೋಗಿ ಬರುತ್ತಿದ್ದೆವು. ಹೋದಾಗಲೆಲ್ಲ ಎಡಗೈಯಿಂದ ನನಗೆ ಚಹಾ ಸುರಿದು ಕೊಡುತ್ತಿದ್ದ. ಪ್ರತಿ ಸಲ ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗಿ, ಹವಾಮಾನ ಮಾತಾಡಿ ಬರುತ್ತಿದ್ದೆ.

ಕಳೆದ ವಾರ ಸುಧಾಗೆ ಹೇಳಿದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಸೋಮವಾರ ಗಾರ್ಡಾ ಠಾಣೆಯಲ್ಲಿ ಹೇಳಿಕೆ ಬರೆದುಕೊಟ್ಟೆ; ಅದರಿಂದ ಬರುವುದು ಬರಲಿ. ನೀವು ಹೊದಿಸಿದ ಶಾಲನ್ನು ಸಂಘದ ಕಾರ್ಯದರ್ಶಿಗಳಿಗೆ ಕೊಟ್ಟುಬಂದೆ. ಮೊನ್ನೆ ಶನಿವಾರ ಡ್ರೋಹೆಡಾಕ್ಕೆ ಒಬ್ಬನೇ ಹೋದೆ.

ಎಲ್ಲ ಹೇಳಿದೆ, ಇಲ್ಲಿ ಬರೆದ ಹಾಗೆಯೇ. ತುವಾನ್ ಕೂಗಾಡಲಿಲ್ಲ. "ಅದು ತಪ್ಪು ಅಂತ ನಿನಗೆ ಗೊತ್ತಾದಾಗ ಗಂಟೆ ಎಷ್ಟು?" ಎಂದ.

"ಒಂದೂಕಾಲು."

"ಅವರು ಬಂದದ್ದು ನಾಲ್ಕಕ್ಕೆ."

"ಹೌದು."

"ಅಲ್ಲೀವರೆಗೆ ಏನು ಮಾಡ್ತಿದ್ದೆ?"

"ಅಡಿಗೆ ಮಾಡಿದೆ. ಊಟ ಮಾಡಿದೆವು."

"ಲಿನ್ ನಿಮ್ಮನೇಲಿದ್ದಳು."

"ಇದ್ದಳು."

"ಅವಳಿಗೆ ಯಾರು ಬಡಿಸಿದ್ದು?"

"ನಾನೇ. ಚಿತ್ರಾನ್ನ. ಎರಡನೇ ಸಲ ಕೇಳಿ ಹಾಕಿಸಿಕೊಂಡಳು."

ತುವಾನ್ ತಲೆಯಾಡಿಸಿದ. ಎದ್ದು ಹೋಗಿ ಬಾಗಿಲು ತೆಗೆದು, ನಾನು ಹೊರಗೆ ಹೋಗುವವರೆಗೆ ಅದನ್ನು ಹಿಡಿದುಕೊಂಡು ನಿಂತ.